ಗೊಬ್ಬರದ ವಾಸನೆ, ಜಿಂಕೆಯ ಮೂಗು

ಜಿಂಕೆ ಬಂದು ಮೇಯಲಿ ಎಂದೇ ಬೆಳೆ ಹಾಕುವುದು, ಆಮೇಲೆ ಅದೇ ಬೆಳೆಯನ್ನು ತಿಂಗಳ ಮಟ್ಟಿಗೆ ಜಿಂಕೆಯ ಬಾಯಿಂದ ಕಾಯುವುದು: ಅಮೆರಿಕದ ಹಳ್ಳಿಗಾಡಿನಲ್ಲಿ ಈ ಕೆಲಸ ವರ್ಷವರ್ಷವೂ ನಡೆಯುತ್ತದೆ. ಕಾಡಿನ ಅಂಚಿನಲ್ಲೋ ಮರಗಳ ನಡುವಿನ ಬಯಲಲ್ಲೋ ಕಾಲು ಎಕರೆಯಿಂದ ಎರಡು ಮೂರು ಎಕರೆವರೆಗಿನ ತುಂಡು ಭೂಮಿಯನ್ನು ಉತ್ತು ಕ್ಲೋವರ್, ಸೋಯಾ ಅವರೆ, ಅಲಸಂದೆ, ಓಟ್ಸ್, ಟರ್ನಿಪ್ ಮುಂತಾದವನ್ನು ಬಿತ್ತುತ್ತಾರೆ. ಅಲ್ಲಿ ಕೊಯ್ಲು ಎಂಬುದಿಲ್ಲ. ಬೆಳೆದದ್ದೆಲ್ಲ ಕಾಡುಪ್ರಾಣಿಗಳ ಪಾಲು. ಅಲ್ಲಿನವರು ಇದನ್ನು ಫುಡ್ ಪ್ಲಾಟ್ ಎನ್ನುತ್ತಾರೆ. ಕನ್ನಡದಲ್ಲಿ ಮೇವಿನ ತಾಕು ಎಂದರೆ ಅರ್ಥ ಸರಿಹೋಗುತ್ತದೆ. ತಾಕಿನ ಒಡೆಯರು ಬಹುಮಟ್ಟಿಗೆ ಬೇಟೆಗಾರರು, ಇಲ್ಲವೇ ಬೇಟೆಗೆ ಜಮೀನನ್ನು ಗುತ್ತಿಗೆ ಕೊಡುವ ರೈತರು. ಜಿಂಕೆಗಳು ತಮ್ಮ ಜಮೀನಿನಲ್ಲೇ ನೆಲೆ ನಿಲ್ಲಬೇಕು, ಮರಿಗಳು ಪುಷ್ಟಿಯಾಗಬೇಕು, ಗಂಡು ಜಿಂಕೆಯ ಕೊಂಬು ಚೆನ್ನಾಗಿ ಕವಲೊಡೆಯಬೇಕು ಎಂಬುದು ಅವರ ಆಸೆ. ಜಿಂಕೆಗಳ ಸಂಖ್ಯೆಗಿಂತ ಅವುಗಳ ಆರೋಗ್ಯಕ್ಕೆ ಒತ್ತು ಕೊಡುವ ಸಂಘವೊಂದು 1988ರಲ್ಲಿ ಹುಟ್ಟಿದ ಮೇಲೆ ಮೇವಿನ ತಾಕಿನ ಪದ್ಧತಿ ಇನ್ನಷ್ಟು ಹಬ್ಬಿತು.

ತೊಡಕು ಮೊಳಕೆ ಒಡೆದ ದಿನದಿಂದಲೇ ಶುರುವಾಗುತ್ತದೆ. ಎರಡು ಎಲೆ ಬಿಟ್ಟ ಪೈರನ್ನೇ ಜಿಂಕೆಗಳು ಬುಡಕ್ಕೆ ಮೇಯ್ದುಬಿಟ್ಟರೆ ಹಂಗಾಮಿಡೀ ಸಿಗಬೇಕಾದ ಮೇವು ಮೂರು ದಿನದಲ್ಲಿ ತೀರುತ್ತದೆ. ಬೀಜ, ಉಳುಮೆ, ಸುಣ್ಣ, ದುಡಿಮೆ ಎಲ್ಲ ವ್ಯರ್ಥ. ಹೀಗಾಗದಂತೆ ಪೈರು ಬಲಿಯುವ ತನಕ ಜಿಂಕೆಯನ್ನು ದೂರ ಇಡುವ ಉಪಾಯಗಳಲ್ಲಿ ಒಂದು, ಕಟುವಾಸನೆಯ ಸಾವಯವ ಗೊಬ್ಬರ ಎರಚುವುದು. ಗೊಬ್ಬರ ಭೂಮಿಗೆ ಸಾರ ಕೊಡುತ್ತದೆ, ಅದರ ವಾಸನೆ ಜಿಂಕೆಯನ್ನು ಹಿಂಜರಿಯುವಂತೆ ಮಾಡುತ್ತದೆ. ಉಪಾಯ ಸರಳ. ಆದರೆ ಅದು ಎಲ್ಲಿಯವರೆಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ತಿಳಿಯಲು ಜಿಂಕೆಯ ಬಾಯಿಯನ್ನೂ ಮೂಗನ್ನೂ ಸ್ವಲ್ಪ ನೋಡಬೇಕು.

ಇಲ್ಲಿ ಹೇಳುತ್ತಿರುವುದು ಬಿಳಿಬಾಲದ ಜಿಂಕೆಯ ವಿಚಾರ. ಗಾತ್ರದಲ್ಲಿ ನಮ್ಮ ಚುಕ್ಕೆ ಜಿಂಕೆಯಷ್ಟೇ, ಇಲ್ಲವೇ ತುಸು ದೊಡ್ಡದು. ಬೆದರಿ ಓಡುವಾಗ ಬಾಲವನ್ನು ಮೇಲೆತ್ತುತ್ತದೆ, ಆಗ ಬಾಲದ ಅಡಿಯ ಬಿಳುಪು ಬಾವುಟದಂತೆ ಕಾಣುತ್ತದೆ. 1900ರ ಸುಮಾರಿಗೆ ಈ ಪ್ರಾಣಿ ಅಮೆರಿಕದಲ್ಲಿ ಕಣ್ಮರೆಯಾಗುವ ಸ್ಥಿತಿಯಲ್ಲಿತ್ತು. ಮಾಂಸ ಮತ್ತು ಚರ್ಮದ ವ್ಯಾಪಾರಕ್ಕಾಗಿ ಮಿತಿಯಿಲ್ಲದೆ ಕೊಂದದ್ದರಿಂದ ಇಡೀ ದೇಶದಲ್ಲಿ ಐದು ಲಕ್ಷದಷ್ಟೋ ಅದಕ್ಕಿಂತ ಕಡಿಮೆಯೋ ಉಳಿದಿದ್ದವು ಎಂಬ ಅಂದಾಜಿದೆ. ಅದೇ ವರ್ಷ ಬಂದ ಲೇಸಿ ಕಾಯ್ದೆ ಕದ್ದು ಬೇಟೆಯಾಡಿದ ಪ್ರಾಣಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಮಾರುವುದನ್ನು ತಡೆಯಿತು. ರಾಜ್ಯಗಳು ಬೇಟೆಗೆ ಋತು ಮತ್ತು ಮಿತಿ ಗೊತ್ತುಮಾಡಿದವು. ತೋಳ, ಪ್ಯೂಮಾಗಳಂಥ ಬೇಟೆಯಾಡುವ ಪ್ರಾಣಿಗಳು ಬಹುಭಾಗದಲ್ಲಿ ಅಳಿದಿದ್ದರಿಂದ ಜಿಂಕೆಗೆ ಭಯವೂ ಕಡಿಮೆಯಾಯಿತು. ಈಗ ಅವುಗಳ ಸಂಖ್ಯೆ ಸುಮಾರು ಮೂರು ಕೋಟಿ. ಉಳಿಸಿದ್ದು ಒಳ್ಳೆಯ ಕೆಲಸವೇ. ಆದರೆ ಎಷ್ಟೋ ಕಡೆ ಕಾಡಿನ ಎಳೆ ಸಸಿಗಳೇ ಮೇಲೇಳದಷ್ಟು ದಟ್ಟಣೆ ಬೆಳೆದಿದೆ. ಮೇವಿನ ತಾಕಿನ ಮೇಲೆ ಬೀಳುವ ಒತ್ತಡದ ಮೂಲವೂ ಇಲ್ಲಿಯೇ ಇದೆ.

ಜಿಂಕೆ ಹಸುವಿನಂತೆ ಮೆಲುಕು ಹಾಕುವ ಪ್ರಾಣಿ, ಹೊಟ್ಟೆಯಲ್ಲಿ ನಾಲ್ಕು ಅರೆಗಳಿವೆ. ಆದರೆ ಹಸುವಿನಂತೆ ಒಣಹುಲ್ಲನ್ನು ಬಾಚಿ ತಿಂದು ಅರಗಿಸಿಕೊಳ್ಳಲಾರದು. ಅದರ ಮೊದಲ ಹೊಟ್ಟೆ ದೇಹದ ಅಳತೆಗೆ ಚಿಕ್ಕದು. ಹಾಗಾಗಿ ನಾರು ಕಡಿಮೆಯಿರುವ, ಸಸಾರಜನಕ ಹೆಚ್ಚಿರುವ ಎಳೆಯ ಚಿಗುರನ್ನೇ ಆರಿಸಿ ಆರಿಸಿ ತಿನ್ನುತ್ತದೆ. ಹೊಸದಾಗಿ ಮೊಳೆತ ದ್ವಿದಳ ಪೈರು ಅದಕ್ಕೆ ಸಿಗಬಹುದಾದ ಅತ್ಯುತ್ತಮ ಆಹಾರ. ಮೇಲ್ದವಡೆಯಲ್ಲಿ ಬಾಚಿಹಲ್ಲು ಇಲ್ಲ, ಅಲ್ಲಿರುವುದು ಗಟ್ಟಿ ವಸಡು ಮಾತ್ರ. ಕೆಳಹಲ್ಲಿಗೂ ಈ ವಸಡಿಗೂ ನಡುವೆ ಕುಡಿಯನ್ನು ಕಚ್ಚಿ ಜಗ್ಗಿ ಹರಿಯುತ್ತದೆ. ಆದ್ದರಿಂದ ಜಿಂಕೆ ಮೇಯ್ದ ಕಾಂಡದ ತುದಿ ಸಿಗಿದು ನಾರುನಾರಾಗಿರುತ್ತದೆ. ಮೊಲ ಕಡಿದ ತುದಿಯಾದರೋ ಕುಡುಗೋಲಿನಿಂದ ಓರೆಯಾಗಿ ಕೊಯ್ದ ಹಾಗೆ ನುಣುಪು. ಬೆಳಗ್ಗೆ ತಾಕಿಗೆ ಹೋದವರು ಯಾವ ಪ್ರಾಣಿ ಬಂದಿತ್ತು ಎಂದು ತಿಳಿಯುವುದು ಈ ಗುರುತಿನಿಂದ.

ಸೋಯಾ ಅವರೆಯ ಒಂದು ಮೊಳಕೆಯನ್ನು ಹತ್ತಿರದಿಂದ ನೋಡಿದರೆ ಆಗುವ ನಷ್ಟ ಅರ್ಥವಾಗುತ್ತದೆ. ಬೀಜ ಮಣ್ಣಿನೊಳಗೆ ಉಬ್ಬಿ ಒಡೆದಾಗ ಕಾಂಡ ಕೊಕ್ಕೆಯಂತೆ ಬಾಗಿ ಮೇಲೆ ಬರುತ್ತದೆ, ಎರಡು ದಪ್ಪ ಬೀಜದಳಗಳನ್ನು ತನ್ನ ಜೊತೆಯಲ್ಲೇ ನೆಲದ ಮೇಲಕ್ಕೆ ಎಳೆದು ತರುತ್ತದೆ. ಮುಂದೆ ಬೆಳೆಯಬೇಕಾದ ಕುಡಿ ಇರುವುದು ಈ ದಳಗಳ ನಡುವೆ. ಕುಡಿ ಮುರಿದರೂ ಬೀಜದಳಗಳ ಕಂಕುಳಲ್ಲಿರುವ ಚಿಗುರುಗಣ್ಣುಗಳಿಂದ ಗಿಡ ಮತ್ತೆ ಕವಲೊಡೆದೀತು. ಆದರೆ ಜಿಂಕೆಯ ಬಾಯಿ ಬೀಜದಳಗಳಿಗಿಂತ ಕೆಳಗೆ ಬಿದ್ದರೆ ಮುಗಿಯಿತು. ಅಲ್ಲಿಂದ ಕೆಳಗೆ ಒಂದು ಚಿಗುರುಗಣ್ಣೂ ಇಲ್ಲ. ಮೆಕ್ಕೆಜೋಳದ ಕಥೆ ಬೇರೆ. ಐದಾರು ಎಲೆ ಬರುವ ತನಕ ಅದರ ಬೆಳೆಯುವ ತುದಿ ಮಣ್ಣಿನೊಳಗೇ ಅಡಗಿರುತ್ತದೆ, ಮೇಲಿನ ಎಲೆ ಹೋದರೂ ಹೊಸ ಎಲೆ ಬರುತ್ತದೆ. ಬಿಳಿ ಕ್ಲೋವರ್ ನೆಲಕ್ಕಂಟಿ ಹಬ್ಬುವ ಬಳ್ಳಿ, ಒಮ್ಮೆ ಬೇರೂರಿದರೆ ಮೇಯಿಸಿಕೊಂಡೇ ಬದುಕುತ್ತದೆ. ಸೋಯಾ, ಅಲಸಂದೆ, ಅವರೆಗೆ ಮೊದಲ ಮೂರು ನಾಲ್ಕು ವಾರವೇ ಗಂಡಾಂತರದ ಕಾಲ.

ಒಂದು ಒರಟು ಲೆಕ್ಕ ಹಾಕಬಹುದು. ಕಾಲು ಎಕರೆಯಲ್ಲಿ ಸೋಯಾ ಬಿತ್ತಿದರೆ ಮೂವತ್ತೈದು ಸಾವಿರದಷ್ಟು ಸಸಿ ಬರಬಹುದು. ಎಳೆಯ ಸಸಿಯೊಂದರಲ್ಲಿ ತಿನ್ನಲು ಸಿಗುವುದು ಒಂದು ಗ್ರಾಂನಷ್ಟು ಹಸಿರು ಎಂದಿಟ್ಟುಕೊಂಡರೆ ಇಡೀ ತಾಕಿನಲ್ಲಿರುವುದು ಮೂವತ್ತೈದು ಕಿಲೋ. ಬೆಳೆದ ಜಿಂಕೆ ದಿನಕ್ಕೆ ಮೂರು ಕಿಲೋವರೆಗೆ ಹಸಿರು ತಿನ್ನುತ್ತದೆ. ಹತ್ತು ಜಿಂಕೆಗಳು ತಮ್ಮ ಆಹಾರದಲ್ಲಿ ಅರ್ಧವನ್ನಷ್ಟೇ ಇಲ್ಲಿ ಮೇಯ್ದರೂ ಮೂರನೆಯ ರಾತ್ರಿ ದಾಟುವ ಮೊದಲೇ ತಾಕು ಬರಿದು. ಅದೇ ಸಸಿಗಳು ಒಂದು ತಿಂಗಳು ಬೆಳೆದರೆ ಒಂದೊಂದರಲ್ಲೂ ಹತ್ತಾರು ಪಟ್ಟು ಎಲೆ ಇರುತ್ತದೆ, ಮೇಯ್ದಷ್ಟೂ ಪಕ್ಕದಿಂದ ಚಿಗುರುತ್ತದೆ. ಹೀಗಾಗಿ ತಾಕಿನ ಒಡೆಯನಿಗೆ ಬೇಕಿರುವುದು ಶಾಶ್ವತ ಬೇಲಿಯಲ್ಲ, ಒಂದು ತಿಂಗಳ ಬಿಡುವು. ಗೊಬ್ಬರದ ಉಪಾಯ ಹೊಂದುವುದು ಈ ಚಿಕ್ಕ ಅಗತ್ಯಕ್ಕೆ.

ಈ ಕೆಲಸಕ್ಕೆ ಅಮೆರಿಕದಲ್ಲಿ ಹೆಚ್ಚು ಹೆಸರಾದ ಗೊಬ್ಬರ ಮಿಲೋರ್ಗನೈಟ್. ಇದರ ಹುಟ್ಟು ಯಾವ ಕೊಟ್ಟಿಗೆಯಲ್ಲೂ ಅಲ್ಲ, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ಒಳಚರಂಡಿಯಲ್ಲಿ. ಮಿಷಿಗನ್ ಸರೋವರದ ದಂಡೆಯ ಈ ಊರು ಕುಡಿಯುವ ನೀರು ತೆಗೆಯುತ್ತಿದ್ದದ್ದು ಆ ಸರೋವರದಿಂದ, ಕೊಳಚೆ ಬಿಡುತ್ತಿದ್ದದ್ದೂ ಅದಕ್ಕೇ. ರೋಗ ಹರಡುವುದನ್ನು ತಡೆಯಲು 1920ರ ದಶಕದಲ್ಲಿ ಜೋನ್ಸ್ ಐಲೆಂಡ್ ಎಂಬಲ್ಲಿ ದೊಡ್ಡ ಶುದ್ಧೀಕರಣ ಘಟಕ ಕಟ್ಟಿದರು. ಅಲ್ಲಿ ಬಳಸಿದ್ದು ಆಕ್ಟಿವೇಟೆಡ್ ಸ್ಲಡ್ಜ್, ಎಂದರೆ ಸಕ್ರಿಯ ಕೆಸರು ವಿಧಾನ. ಕೊಳಚೆ ನೀರಿಗೆ ಗಾಳಿ ಊದಿದಾಗ ಅದರಲ್ಲಿನ ಸೂಕ್ಷ್ಮಜೀವಿಗಳು ಕಲ್ಮಶವನ್ನು ತಿಂದು ಕೋಟಿಕೋಟಿಯಾಗಿ ಹೆಚ್ಚುತ್ತವೆ, ಆಮೇಲೆ ಒಟ್ಟುಗೂಡಿ ತಳಕ್ಕೆ ಇಳಿಯುತ್ತವೆ. ಮೇಲಿನ ನೀರು ತಿಳಿಯಾಗುತ್ತದೆ. ಕೆಳಗೆ ಉಳಿದ ಕೆಸರನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಮಿಲ್ವಾಕಿ ಕಂಡುಕೊಂಡ ಉತ್ತರ, ಒಣಗಿಸಿ ಗೊಬ್ಬರವಾಗಿ ಮಾರುವುದು. 1925ರಲ್ಲಿ ಹೆಸರಿಗಾಗಿ ಸ್ಪರ್ಧೆ ನಡೆಯಿತು. ಮಿಲ್ವಾಕಿ, ಸಾವಯವ, ಸಾರಜನಕ ಎಂಬ ಮೂರು ಇಂಗ್ಲಿಷ್ ಪದಗಳ ತುಣುಕು ಜೋಡಿಸಿದ ಹೆಸರು ಗೆದ್ದಿತು. 1926ರಿಂದ ಮಾರಾಟ ಶುರುವಾಯಿತು. ಮೊದಲು ಒಲಿದವರು ಗಾಲ್ಫ್ ಮೈದಾನದವರು. ಹುಲ್ಲನ್ನು ಸುಡದೆ ನಿಧಾನವಾಗಿ ಹಸಿರೇರಿಸುವ ಗುಣ ಅವರಿಗೆ ಬೇಕಿತ್ತು.

ಈ ಸಕ್ರಿಯ ಕೆಸರು ವಿಧಾನಕ್ಕೆ ಬೆಂಗಳೂರಿನ ನಂಟೂ ಇದೆ. ವಿಧಾನವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ರಕಟಿಸಿದವರು ಆರ್ಡರ್ನ್ ಮತ್ತು ಲಾಕೆಟ್. ಅವರನ್ನು ಆ ಪ್ರಯೋಗಕ್ಕೆ ಹಚ್ಚಿದವರು ಗಿಲ್ಬರ್ಟ್ ಫೌಲರ್. ಎರಡೇ ವರ್ಷದಲ್ಲಿ, 1916ರಲ್ಲಿ, ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ನಗರದ ಕೊಳಚೆಯಲ್ಲಿ ಹರಿದುಹೋಗುವ ಸಾರಜನಕವನ್ನು ಭೂಮಿಗೆ ಮರಳಿಸುವುದು ಹೇಗೆ ಎಂಬುದು ಅವರ ಬಾಳಿನ ಆಸಕ್ತಿಯಾಗಿತ್ತು. ಮಿಲ್ವಾಕಿಯ ಗೊಬ್ಬರದ ಹಿಂದಿರುವ ವಿಚಾರವೂ ಅದೇ.

ಮಿಲೋರ್ಗನೈಟ್ ತಯಾರಾಗುವಾಗ ಕೆಸರು ತಿರುಗುವ ಬೃಹತ್ ಉರುಳೆಗಳಲ್ಲಿ 480ರಿಂದ 650 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಣಗುತ್ತದೆ. ರೋಗಾಣುಗಳು ಸಾಯುತ್ತವೆ, ಸಾಸಿವೆ ಕಾಳಿನಷ್ಟು ಗಾತ್ರದ ಕಂದು ಹರಳು ಉಳಿಯುತ್ತದೆ. ಈಗಿನ ಚೀಲದ ಮೇಲೆ 6-4-0 ಎಂಬ ಅಂಕಿ ಇರುತ್ತದೆ. ಎಂದರೆ ನೂರಕ್ಕೆ ಆರು ಭಾಗ ಸಾರಜನಕ, ನಾಲ್ಕು ಭಾಗ ರಂಜಕ, ಪೊಟ್ಯಾಷ್ ಸೊನ್ನೆ. ಜೊತೆಗೆ ಎರಡೂವರೆ ಭಾಗದಷ್ಟು ಕಬ್ಬಿಣ. ಯೂರಿಯಾದಂತೆ ನೀರು ಬಿದ್ದ ಕೂಡಲೇ ಕರಗುವ ಸರಕಲ್ಲ ಇದು. ಮಣ್ಣಿನ ಸೂಕ್ಷ್ಮಜೀವಿಗಳು ಹರಳನ್ನು ಸ್ವಲ್ಪ ಸ್ವಲ್ಪವಾಗಿ ಒಡೆದಂತೆ ಸಾರಜನಕ ಹೊರಬರುತ್ತದೆ. ಜಿಂಕೆಯ ವಿಷಯದಲ್ಲಿ ಮುಖ್ಯವಾದ ಗುಣವೂ ಇದೇ. ನಿಧಾನವಾಗಿ ಕೊಳೆಯುವ ವಸ್ತು ನಿಧಾನವಾಗಿ, ಬಹುದಿನ ವಾಸನೆ ಬಿಡುತ್ತದೆ.

ಆ ವಾಸನೆಗೆ ಜಿಂಕೆ ಯಾಕೆ ಅಂಜುತ್ತದೆ? ಸತ್ತ ಜೀವದ್ರವ್ಯ, ಅದರಲ್ಲೂ ಪ್ರೋಟೀನು, ಕೊಳೆಯುವಾಗ ಗಂಧಕ ಬೆರೆತ ಅನಿಲಗಳು ಹೊರಡುತ್ತವೆ. ಕೊಳೆತ ಮೊಟ್ಟೆಯ ನಾತ ಇದರ ಪರಿಚಿತ ಉದಾಹರಣೆ. ಮಾಂಸಾಹಾರಿ ಪ್ರಾಣಿಯ ಮೂತ್ರ, ಮಲಗಳಲ್ಲೂ ಇಂಥ ಗಂಧಕದ ವಾಸನೆಯೇ ಇರುತ್ತದೆ, ಏಕೆಂದರೆ ಅದು ಅರಗಿಸಿದ್ದು ಮಾಂಸವನ್ನು. ಅಮೆರಿಕದ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ನರಿಯ ದೊಡ್ಡಣ್ಣನಂತಿರುವ ಕೊಯೊಟೆ ಎಂಬ ಪ್ರಾಣಿಗೆ ಒಮ್ಮೆ ಮಾಂಸ ತಿನ್ನಿಸಿ, ಇನ್ನೊಮ್ಮೆ ಕರಬೂಜದ ಹಣ್ಣು ತಿನ್ನಿಸಿ ಮೂತ್ರ ಸಂಗ್ರಹಿಸಿದರು. ಇಲಿಗಳಂಥ ಸಸ್ಯಾಹಾರಿ ದಂಶಕಗಳು ಮಾಂಸದ ದಿನದ ಮೂತ್ರದಿಂದ ದೂರ ಸರಿದವು. ಹಣ್ಣಿನ ದಿನದ ಮೂತ್ರಕ್ಕೆ ಅಷ್ಟು ಅಂಜಲಿಲ್ಲ. ಪ್ರಾಣಿ ಯಾವುದೆಂಬುದಕ್ಕಿಂತ ಅದು ಮಾಂಸ ತಿಂದಿದೆ ಎಂಬ ಸುಳಿವೇ ಅವುಗಳನ್ನು ಬೆದರಿಸಿತು. ಮಾರುಕಟ್ಟೆಯಲ್ಲಿರುವ ಜಿಂಕೆ ನಿವಾರಕಗಳಲ್ಲಿ ಹೆಚ್ಚಿನವು ಕೊಳೆತ ಮೊಟ್ಟೆಯ ಘನವನ್ನೋ ಒಣಗಿಸಿದ ರಕ್ತವನ್ನೋ ನೆಚ್ಚಿಕೊಂಡಿರುವುದು ಇದೇ ಕಾರಣಕ್ಕೆ. ರಕ್ತದ ಪುಡಿ, ಗರಿಯ ಪುಡಿ, ಮೀನಿನ ಗೊಬ್ಬರಗಳೂ ಅಷ್ಟಿಷ್ಟು ಈ ಗುಣವುಳ್ಳವು. ಮಿಲೋರ್ಗನೈಟಿನ ಹರಳಿನಲ್ಲಿರುವುದು ಸತ್ತ ಸೂಕ್ಷ್ಮಜೀವಿಗಳ ಪ್ರೋಟೀನು. ಒದ್ದೆಯಾದಾಗ ಮನುಷ್ಯನ ಮೂಗಿಗೂ ತಿಳಿಯುವಷ್ಟು ಮುಗ್ಗಲು ವಾಸನೆ ಬರುತ್ತದೆ. ಮನುಷ್ಯನಿಗಿಂತ ಎಷ್ಟೋ ಪಟ್ಟು ಸೂಕ್ಷ್ಮ ಘ್ರಾಣಶಕ್ತಿಯ ಜಿಂಕೆಗೆ ಅದು ಇನ್ನೂ ಗಾಢ.

ಜಾರ್ಜಿಯಾ ರಾಜ್ಯದ ಸಂಶೋಧಕರು ಈ ಗೊಬ್ಬರವನ್ನು ಸೇವಂತಿಗೆ ಗಿಡಗಳ ಮೇಲೂ ಸೋಯಾ ಅವರೆಯ ಮೇವಿನ ತಾಕುಗಳ ಮೇಲೂ ಪರೀಕ್ಷಿಸಿದ್ದಾರೆ. ತಾಕುಗಳಲ್ಲಿ ಬಳಸಿದ ಪ್ರಮಾಣ ಎಕರೆಗೆ 240 ಪೌಂಡು, ಸುಮಾರು 109 ಕಿಲೋ. ಗೊಬ್ಬರ ಎರಚಿದ ಕಡೆ ಮೇಯುವಿಕೆ ನಿಲ್ಲಲಿಲ್ಲ, ತಗ್ಗಿತು. ಮೊದಲ ಕೆಲವು ವಾರಗಳ ಆ ತಗ್ಗುವಿಕೆಯೇ ಎಳೆ ಪೈರಿಗೆ ಮೇಲೇಳಲು ಅವಕಾಶ ಕೊಟ್ಟಿತು. ತಾತ್ಕಾಲಿಕ ಎಂಬ ಪದವನ್ನು ಅವರು ತಮ್ಮ ವರದಿಯ ಶೀರ್ಷಿಕೆಯಲ್ಲೇ ಇಟ್ಟರು. ಗೊಬ್ಬರದ ಚೀಲ ಕೊಳ್ಳುವವರು ಮೊದಲು ನೆನಪಿಡಬೇಕಾದ ಪದವೂ ಅದೇ.

ಬಳಸುವ ಕ್ರಮದಲ್ಲಿ ಸಮಯವೇ ಎಲ್ಲಕ್ಕಿಂತ ಮುಖ್ಯ. ಜಿಂಕೆ ಒಮ್ಮೆ ರುಚಿ ನೋಡಿದ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ, ಅಭ್ಯಾಸವಾದ ದಾರಿಯಿಂದ ಅದನ್ನು ತಿರುಗಿಸುವುದು ಕಷ್ಟ. ಹಾಗಾಗಿ ಮೊಳಕೆ ನೆಲ ಬಿಟ್ಟು ಕಾಣಿಸಿಕೊಂಡ ಒಂದೆರಡು ದಿನದಲ್ಲೇ, ಮೊದಲ ಕಚ್ಚು ಬೀಳುವ ಮುನ್ನ, ಹರಳನ್ನು ಎರಚಬೇಕು. ಬಿತ್ತುವಾಗಲೇ ಮಣ್ಣಿನಲ್ಲಿ ಬೆರೆಸಿದರೆ ಪೋಷಕಾಂಶ ಸಿಕ್ಕೀತು, ವಾಸನೆ ಮಣ್ಣಿನಡಿ ಹೂತುಹೋಗುತ್ತದೆ. ಮೇಲುಗೊಬ್ಬರದಂತೆ ನೆಲದ ಮೇಲೆಯೇ ಬಿಡಬೇಕು. ಚಿಕ್ಕ ತಾಕಾದರೆ ಕೈಯಿಂದ, ದೊಡ್ಡದಾದರೆ ಎದೆಗೆ ಕಟ್ಟಿಕೊಂಡು ಹಿಡಿ ತಿರುಗಿಸುವ ಎರಚುಯಂತ್ರದಿಂದ ಹಾಕುತ್ತಾರೆ. ಕೆಲವರು ತಾಕಿನ ಸುತ್ತ ನಾಲ್ಕೈದು ಅಡಿ ಅಗಲದ ಪಟ್ಟಿಯಲ್ಲಿ ದಟ್ಟವಾಗಿ ಎರಚಿ, ಒಳಗೆ ತೆಳ್ಳಗೆ ಹಾಕುತ್ತಾರೆ. ಜಿಂಕೆ ಕಾಡಿನಿಂದ ಇಳಿಯುವ ಕಾಲುದಾರಿ ಗೊತ್ತಿದ್ದರೆ ಅಲ್ಲಿ ಒಂದು ಹಿಡಿ ಹೆಚ್ಚು. ಹಣ್ಣಿನ ಗಿಡಗಳ ವಿಷಯದಲ್ಲಿ ಹಳೆಯ ನೈಲಾನ್ ಕಾಲುಚೀಲದಲ್ಲಿ ಒಂದು ಬೊಗಸೆ ತುಂಬಿ ಕೊಂಬೆಗೆ ಜೋತುಹಾಕುವ ರೂಢಿಯೂ ಇದೆ.

ತುಂತುರು ಮಳೆ ಹರಳನ್ನು ನೆನೆಸಿ ವಾಸನೆ ಎಬ್ಬಿಸುತ್ತದೆ. ಜಡಿಮಳೆ ಹರಳನ್ನೇ ಕೊಚ್ಚಿಕೊಂಡು ಹೋಗುತ್ತದೆ, ಇಳಿಜಾರಿನಲ್ಲಂತೂ ಎರಡು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಬಹುದಿನ ಒಣಹವೆ ಇದ್ದರೆ ಹರಳು ಸುಮ್ಮನೆ ಬಿದ್ದಿರುತ್ತದೆ, ವಾಸನೆಯೂ ಕಡಿಮೆ, ಸಾರವೂ ಇಳಿಯುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ, ದೊಡ್ಡ ಮಳೆಯ ಬೆನ್ನಿಗಂತೂ ತಪ್ಪದೆ, ಮತ್ತೆ ಎರಚಬೇಕಾಗುತ್ತದೆ.

ಈ ಉಪಾಯದ ಒಡಲಲ್ಲೇ ಒಂದು ವೈರುಧ್ಯವಿದೆ. ಸಾರಜನಕ ಸಿಕ್ಕ ಎಲೆ ಹೆಚ್ಚು ಹಸಿರು, ಹೆಚ್ಚು ಮೆದು, ಹೆಚ್ಚು ಪ್ರೋಟೀನುಳ್ಳದ್ದು. ಗೊಬ್ಬರ ಕಂಡ ಗಿಡವನ್ನು ಜಿಂಕೆ ಗೊಬ್ಬರ ಕಾಣದ ಗಿಡಕ್ಕಿಂತ ಹೆಚ್ಚು ಇಷ್ಟಪಡುತ್ತದೆ. ವಾಸನೆ ಇಳಿದ ಮೇಲೆ ಅದೇ ಗೊಬ್ಬರ ಜಿಂಕೆಯನ್ನು ಕರೆಯುವ ಗೊಬ್ಬರವಾಗುತ್ತದೆ. ತರಕಾರಿ ಬೆಳೆಯುವವನಿಗೆ ಇದು ನಷ್ಟ. ಮೇವಿನ ತಾಕಿನವನಿಗೆ ಬೇಕಾದದ್ದೇ ಇದು: ಮೊದಲ ತಿಂಗಳು ದೂರ ಇಟ್ಟು, ಆಮೇಲೆ ಸೊಂಪಾದ ಮೇವಿಗೆ ಬರಮಾಡಿಕೊಳ್ಳುವುದು. ಆದರೆ ಸಾರಜನಕದ ಲೆಕ್ಕವನ್ನೂ ನೋಡಬೇಕು. ಎಕರೆಗೆ 109 ಕಿಲೋ ಹಾಕಿದರೆ ಸಿಗುವ ಸಾರಜನಕ ಆರೂವರೆ ಕಿಲೋ ಮಾತ್ರ, ಅದೂ ನಿಧಾನವಾಗಿ. ಓಟ್ಸ್, ಟರ್ನಿಪ್‌ಗೆ ಇದು ಸಾಲದು. ಸೋಯಾ, ಕ್ಲೋವರ್, ಅಲಸಂದೆಗೆ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯಿಂದಲೇ ಸಾರಜನಕ ಹಿಡಿದುಕೊಡುವುದರಿಂದ ಇದು ಬೇಕಿಲ್ಲ. ಅವುಗಳಿಗೆ ಬೇಕಾದ ಪೊಟ್ಯಾಷ್ ಇದರಲ್ಲಿ ಇಲ್ಲ. ಮಿಲೋರ್ಗನೈಟನ್ನು ಗೊಬ್ಬರದ ಬೆಲೆಯಲ್ಲಿ ಸಿಗುವ ವಾಸನೆ ಎಂದು ಎಣಿಸುವುದು ಹೆಚ್ಚು ಸರಿ. ಭೂಮಿಯ ಕೊರತೆಯನ್ನು ಮಣ್ಣು ಪರೀಕ್ಷೆ ಮಾಡಿಸಿ ಬೇರೆಯಾಗಿ ತುಂಬಬೇಕು.

ಸೋಲುವ ಸಂದರ್ಭಗಳೂ ಸ್ಪಷ್ಟ. ಜಿಂಕೆ ವಾಸನೆಗೆ ಅಂಜುವುದು ಬೇರೆಡೆ ತಿನ್ನಲು ಇದ್ದಾಗ. ಬರಗಾಲದಲ್ಲಿ, ಚಳಿಗಾಲದ ಕೊನೆಯಲ್ಲಿ, ಸುತ್ತಲಿನ ಕಾಡೆಲ್ಲ ಬೋಳಾಗಿರುವಾಗ ಹಸಿವೇ ಗೆಲ್ಲುತ್ತದೆ. ಇನ್ನೊಂದು, ರೂಢಿ. ವಾಸನೆ ಬಂದರೂ ಪ್ಯೂಮಾ ಬರಲಿಲ್ಲ, ತೋಳ ಬರಲಿಲ್ಲ ಎಂದು ಕಂಡುಕೊಂಡ ಹಿಂಡು ಕೆಲವೇ ವಾರಗಳಲ್ಲಿ ಧೈರ್ಯ ತಾಳುತ್ತದೆ. ಜಿಂಕೆಗಳ ಸಂಖ್ಯೆ ನೆಲದ ಶಕ್ತಿ ಮೀರಿದಲ್ಲಿ ಕಾಲು ಎಕರೆಯ ತಾಕನ್ನು ಯಾವ ಗೊಬ್ಬರವೂ ಕಾಯಲಾರದು. ಅಂಥ ಕಡೆ ತಾಕನ್ನು ಹಿಗ್ಗಿಸಬೇಕು, ಇಲ್ಲವೇ ಕಾನೂನಿನ ಮಿತಿಯೊಳಗೆ ಹೆಣ್ಣು ಜಿಂಕೆಗಳ ಸಂಖ್ಯೆ ಇಳಿಸಬೇಕು ಎಂದು ಅಲ್ಲಿನ ವನ್ಯಜೀವಿ ತಜ್ಞರು ಹೇಳುತ್ತಾರೆ.

ವಾಸನೆಗಿಂತ ಬೇಲಿ ಗಟ್ಟಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಎಂಟು ಅಡಿ ನೆಗೆಯಬಲ್ಲ ಪ್ರಾಣಿಗೆ ಪೂರ್ತಿ ಬೇಲಿ ಕಟ್ಟುವುದು ದುಬಾರಿ. ಅದಕ್ಕೆ ಕಂಡುಕೊಂಡ ಅಗ್ಗದ ದಾರಿ ಎರಡು ಸಾಲಿನ ವಿದ್ಯುತ್ ತಂತಿ. ಹೊರಗೆ ಒಂದು ತಂತಿ, ಅದರಿಂದ ಮೂರಡಿ ಒಳಗೆ ಇನ್ನೆರಡು. ಕಣ್ಣು ತಲೆಯ ಪಕ್ಕದಲ್ಲಿರುವ ಜಿಂಕೆಗೆ ಎದುರಿನ ದೂರ ಸರಿಯಾಗಿ ಅಳೆಯಲು ಬರುವುದಿಲ್ಲ. ಎತ್ತರವನ್ನು ನೆಗೆದೀತು, ಎತ್ತರದ ಜೊತೆ ಅಗಲವೂ ಸೇರಿದರೆ ಹಿಂದೆಗೆಯುತ್ತದೆ. ತಂತಿಗೆ ತಗಡಿನ ಹಾಳೆ ಮಡಚಿ, ಅದಕ್ಕೆ ಕಡಲೆಕಾಯಿ ಬೆಣ್ಣೆ ಸವರುವುದೂ ಉಂಟು. ಜಿಂಕೆ ಮೂಗಿನಿಂದ ಮುಟ್ಟಿ ಸಣ್ಣ ಆಘಾತ ಪಡೆದು ಪಾಠ ಕಲಿಯುತ್ತದೆ. ಬೆಳೆಯ ಆಯ್ಕೆಯಲ್ಲೂ ಜಾಣತನವಿದೆ. ದಕ್ಷಿಣದ ರಾಜ್ಯಗಳಲ್ಲಿ ಜಿಂಕೆಗಾಗಿ ಬೆಳೆಯುವ ಜನಪ್ರಿಯ ಬೇಸಿಗೆ ಬೆಳೆಗಳ ಪಟ್ಟಿ ನೋಡಿದರೆ ಕನ್ನಡಿಗರಿಗೆ ತಮ್ಮ ಹೊಲವೇ ನೆನಪಾದೀತು. ಅಲಸಂದೆ ಇದೆ, ಸೆಣಬು ಇದೆ, ಲಬ್‌ಲಬ್ ಎಂಬ ಹೆಸರಿನಲ್ಲಿ ನಮ್ಮ ಅವರೆಯೂ ಇದೆ. ಟೆಕ್ಸಾಸ್‌ನಲ್ಲಿ ಅವರೆಯ ಒಂದು ತಳಿಯನ್ನೇ ಮೇವಿಗೆಂದು ಅಭಿವೃದ್ಧಿಪಡಿಸಿದ್ದಾರೆ. ಎಳೆ ಅವರೆ ಜಿಂಕೆಗೆ ಪಂಚಪ್ರಾಣ. ಹಾಗಾಗಿ ಅದನ್ನು ಒಂಟಿಯಾಗಿ ಬಿಡದೆ, ಜಿಂಕೆ ಅಷ್ಟಾಗಿ ಮುಟ್ಟದ ಎತ್ತರದ ಜೋಳದಂಥ ಬೆಳೆಯ ನಡುವೆ ಬಿತ್ತಿ ಮರೆ ಮಾಡುತ್ತಾರೆ. ಬಳ್ಳಿಗೂ ಹಬ್ಬಲು ಆಸರೆ ಸಿಗುತ್ತದೆ.

ಸಾವಯವ ಎಂಬ ಪದದ ಬಗ್ಗೆ ಎಚ್ಚರ ಬೇಕು. ಜೀವಮೂಲದ ವಸ್ತು ಎಂಬ ಅರ್ಥದಲ್ಲಿ ಮಿಲೋರ್ಗನೈಟ್ ಸಾವಯವ. ಆದರೆ ಪ್ರಮಾಣಪತ್ರ ಪಡೆದ ಸಾವಯವ ಕೃಷಿಯಲ್ಲಿ ಒಳಚರಂಡಿ ಕೆಸರನ್ನು ಬಳಸುವುದನ್ನು ಅಮೆರಿಕದ ಕೃಷಿ ಇಲಾಖೆಯ ನಿಯಮ ನಿಷೇಧಿಸುತ್ತದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ರೂಪಿಸಿದ ನಿಯಮಗಳು ಇಂಥ ಗೊಬ್ಬರದಲ್ಲಿ ರೋಗಾಣು ಮತ್ತು ಭಾರಲೋಹಗಳಿಗೆ ಮಿತಿ ಹಾಕಿವೆ. ಆದರೆ ಪಿಎಫ್‌ಎಎಸ್ ಎಂಬ, ಎಷ್ಟು ಕಾಲ ಕಳೆದರೂ ಕೊಳೆಯದ ರಾಸಾಯನಿಕಗಳ ಯೋಚನೆ ಆ ನಿಯಮ ಬರೆಯುವಾಗ ಇರಲಿಲ್ಲ. ಅಂಟದ ಬಾಣಲೆ, ನೀರು ಹೀರದ ಬಟ್ಟೆಗಳಿಂದ ಹಿಡಿದು ಕಾರ್ಖಾನೆಗಳವರೆಗೆ ಎಲ್ಲೆಡೆಯಿಂದ ಅವು ಚರಂಡಿ ಸೇರಿ ಕೆಸರಿನಲ್ಲಿ ಉಳಿಯುತ್ತವೆ. ಇದೇ ಕಾರಣಕ್ಕೆ ಮೇನ್ ರಾಜ್ಯ 2022ರಲ್ಲಿ ಕೆಸರನ್ನು ಭೂಮಿಗೆ ಹಾಕುವುದನ್ನೇ ನಿಲ್ಲಿಸಿತು. ಮಿಲೋರ್ಗನೈಟ್ ಅಮೆರಿಕದಲ್ಲಿ ನೋಂದಾಯಿತವಾಗಿರುವುದು ಗೊಬ್ಬರವಾಗಿ, ಪ್ರಾಣಿ ನಿವಾರಕವಾಗಿ ಅಲ್ಲ. ಕೆರೆ, ಹಳ್ಳಗಳ ಪಕ್ಕದಲ್ಲಿ ಹಾಕಿದರೆ ರಂಜಕ ನೀರಿಗಿಳಿದು ಪಾಚಿ ಬೆಳೆಸುತ್ತದೆ, ಆದ್ದರಿಂದ ನೀರಿನ ಅಂಚು ಬಿಟ್ಟು ಎರಚಬೇಕು. ಇನ್ನೂ ಒಂದು ಆತಂಕ ಗೊಬ್ಬರಕ್ಕಿಂತ ಮೇವಿನ ತಾಕಿಗೇ ಸಂಬಂಧಿಸಿದ್ದು. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡ, ಮದ್ದಿಲ್ಲದ, ಜಿಂಕೆಯ ಮಿದುಳನ್ನು ತಿಂದುಹಾಕುವ ಸವೆತದ ರೋಗ ಈಗ ಅಮೆರಿಕದ ಹಲವು ರಾಜ್ಯಗಳಿಗೆ ಹಬ್ಬಿದೆ. ಜೊಲ್ಲು, ಮಲ, ಮೂತ್ರಗಳಿಂದ ಹರಡುವ ಈ ರೋಗಕ್ಕೆ ಜಿಂಕೆಗಳು ಒಂದೇ ಕಡೆ ಗುಂಪುಗೂಡುವುದು ಅನುಕೂಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಿಂಕೆ ಬೇಟೆಯನ್ನು ತಡೆದಿರುವುದರಿಂದ ಇಂಥ ಮೇವಿನ ತಾಕುಗಳಿಲ್ಲ. ಬಂಡೀಪುರ, ನಾಗರಹೊಳೆಯ ಅಂಚಿನ ಹೊಲಗಳಲ್ಲಿ ಜಿಂಕೆ ಮೇಯುವುದು ರೈತನ ಹೊಟ್ಟೆಯ ಅನ್ನವನ್ನು. ಸುತ್ತ ಹಳೆ ಸೀರೆ ಕಟ್ಟಿ, ಅಟ್ಟಣೆ ಏರಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಕಾಯುವವರ ಕಷ್ಟಕ್ಕೂ ಬೇಟೆಗಾರನ ತಾಕಿನ ನಷ್ಟಕ್ಕೂ ಹೋಲಿಕೆಯೇ ಇಲ್ಲ. ಕೊಳೆತ ಮೊಟ್ಟೆಯ ದ್ರಾವಣ ಸಿಂಪಡಿಸುವ ರೈತರು ನಂಬಿರುವುದು ಮಿಲೋರ್ಗನೈಟಿನ ಹಿಂದಿರುವ ಅದೇ ತತ್ವವನ್ನು, ಮಿತಿಗಳೂ ಅವೇ. ಒಂದು ವ್ಯತ್ಯಾಸ ಗಮನಿಸಬೇಕು. ಜಿಂಕೆಯನ್ನು ಬೆದರಿಸುವ ರಕ್ತ, ಮೀನು, ಮಾಂಸದ ವಾಸನೆ ಕಾಡುಹಂದಿಗೂ ನಾಯಿಗೂ ಆಹಾರದ ಸುಳಿವು. ಹಂದಿಯ ಕಾಟ ಇರುವ ಕಡೆ ಇಂಥ ಗೊಬ್ಬರ ಎರಚಿದರೆ ಹೊಲ ಅಗೆಸಿಕೊಂಡಂತಾದೀತು. ಪರೀಕ್ಷೆಯಾಗದ ನಗರದ ಕೆಸರನ್ನು ತಂದು ಊಟದ ಬೆಳೆಗೆ ಹಾಕುವುದಂತೂ ಸಲ್ಲದು.

ಯಾವ ನಿವಾರಕ ಬಳಸಿದರೂ ಅದು ಫಲ ಕೊಟ್ಟಿತೇ ಎಂದು ತಿಳಿಯಲು ಅಮೆರಿಕದ ತಾಕುಗಳಲ್ಲಿ ಒಂದು ಸುಲಭ ಸಾಧನವಿದೆ. ನಾಲ್ಕಡಿ ಎತ್ತರದ ತಂತಿಬಲೆಯನ್ನು ಮೂರಡಿ ಅಗಲದ ದುಂಡು ಬುಟ್ಟಿಯಂತೆ ಸುತ್ತಿ, ಬಿತ್ತಿದ ದಿನವೇ ತಾಕಿನ ನಡುವೆ ಎರಡು ಗೂಟ ಹೊಡೆದು ನಿಲ್ಲಿಸುತ್ತಾರೆ. ತಿಂಗಳ ಮೇಲೆ ಬಲೆಯ ಒಳಗಿನ ಪೈರನ್ನೂ ಹೊರಗಿನದನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ಎಷ್ಟು ಮೇಯಲಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಕಾಡಂಚಿನ ನಮ್ಮ ರೈತರೂ ಹೊಲದ ಒಂದು ಮೂಲೆಯಲ್ಲಿ ಇಂಥದೊಂದು ಬಲೆ ನಿಲ್ಲಿಸಿ ನೋಡಲಿ. ಮುಂದಿನ ಹಂಗಾಮಿಗೆ ನಿವಾರಕಕ್ಕೆ ದುಡ್ಡು ಹಾಕುವ ಮೊದಲು ಅಷ್ಟು ಮಾಡಿದರೆ ಸಾಕು.